ಕಾಡು ಬಿಟ್ಟು ಹೊಲ ಹಿಡಿದದ್ದು ಲಾಭವೋ ನಷ್ಟವೋ?

ಡೊಂಬಿವಲಿ ಮಾಮ: ನಿನ್ನೆ ಲೋಕಲ್‌ನಲ್ಲಿ ಠಾಣೆವರೆಗೆ ಒಂಟಿಕಾಲಲ್ಲಿ ನಿಂತಾಗ ಅನಿಸಿದ್ದು, ಈ ದುಡಿತಕ್ಕೆಲ್ಲ ಮೂಲ ಬೇಸಾಯವೇ. 1960ರ ದಶಕದಲ್ಲಿ ಮಾನವಶಾಸ್ತ್ರಜ್ಞ ರಿಚರ್ಡ್ ಲೀ ಆಫ್ರಿಕಾದ ಕಾಲಹರಿ ಮರುಭೂಮಿಗೆ ಹೋಗಿ ಲೆಕ್ಕ ಹಾಕಿದರು. ಅಲ್ಲಿನ ಬೇಟೆ, ಗೆಡ್ಡೆಗೆಣಸಿನ ಜನಕ್ಕೆ ಊಟ ಹುಡುಕೋಕೆ ವಾರಕ್ಕೆ 20 ಗಂಟೆಯೂ ಬೇಕಿರಲಿಲ್ಲ. ನಾನು ಬರೀ ರೈಲಲ್ಲೇ ಅಷ್ಟು ಕಳೆಯುತ್ತೇನೆ!

ಮಡಗಾಂವ್ ಅಕ್ಕ: ಮಾಮ, ಆ ಲೆಕ್ಕದಲ್ಲಿ ಕಾಯಿ ಒಡೆಯೋದು, ಸೌದೆ ತರೋದು, ಬೇಯಿಸೋದು ಸೇರಿಲ್ಲ. ಅಡುಗೆ ಕೆಲಸ ಕೆಲಸವೇ ಅಲ್ವಾ? ಆದರೆ ಬೇಸಾಯ ಬಂದಮೇಲೆ ಹೆಂಗಸರ ಪಾಡು ಸುಧಾರಿಸಿತು ಅಂತಲೂ ನಾನು ಹೇಳುವುದಿಲ್ಲ. ಸಿರಿಯಾದ ಅಬು ಹುರೇರಾದಲ್ಲಿ ಹಳೇ ರೈತರ ಎಲುಬು ಸಿಕ್ಕಿವೆ. ದಿನಾ ಗಂಟೆಗಟ್ಟಲೆ ಮಂಡಿಯೂರಿ, ಚಪ್ಪಟೆ ಕಲ್ಲಿನ ಮೇಲೆ ಕಾಳು ಉಜ್ಜಿ ಉಜ್ಜಿ, ಹೆಂಗಸರ ಕಾಲಿನ ಹೆಬ್ಬೆರಳಿನ ಕೀಲು, ಮಂಡಿ, ಬೆನ್ನು ಎಲ್ಲ ಕೆಟ್ಟುಹೋಗಿವೆ. ನಮ್ಮಜ್ಜಿ ಬೀಸುಕಲ್ಲಿನ ಮುಂದಿಂದ ಏಳುವಾಗ ಗೋಡೆ ಹಿಡಿಯುತ್ತಿದ್ದಳು, ಅದು ನೆನಪಾಯಿತು.

ರೊಟ್ಟಿಪ್ರಿಯ ಪಿಂಪ್ರಿ: ಸರಿ, ಆದರೆ ಅಜ್ಜಿ ಇದ್ದದ್ದೇ ಬೇಸಾಯದಿಂದ! ಅಲೆಯುವವರಿಗೆ ಕಂಕುಳಲ್ಲಿ ಒಂದು ಕೂಸಿದ್ದರೆ ಇನ್ನೊಂದನ್ನು ಹೊರುವುದು ಕಷ್ಟ, ಹಾಗಾಗಿ ಹೆರಿಗೆಗಳ ನಡುವೆ ನಾಲ್ಕು ವರ್ಷದಷ್ಟು ಅಂತರ. ಒಂದೆಡೆ ನಿಂತು, ಮಗುವಿಗೆ ಗಂಜಿ ಕುಡಿಸಿ ಬೇಗ ಹಾಲು ಬಿಡಿಸಿದರೆ ಮುಂದಿನದೂ ಬೇಗ. ಹಲ್ಲು ಹುಳುಕಾಯಿತು, ಆಳು ಕುಳ್ಳಾದ, ಒಪ್ಪೋಣ. ಆದರೂ ಜನ ಬೆಳೆದರು. 800 ಕೋಟಿ ಜನ ಗೆಡ್ಡೆ ಅಗೆದು ಬದುಕೋಕೆ ಆಗುತ್ತಾ?

ಪುಣೆ ಮಣ್ಣು: ಯಾರೂ ಒಂದೇ ದಿನ ಕೂತು ಇದನ್ನು ಆರಿಸಲಿಲ್ಲ. ಒಮ್ಮೆ ಹೊಲ ಹಿಡಿದವರೆಲ್ಲ ಅಲ್ಲೇ ಉಳಿಯಲೂ ಇಲ್ಲ. ನಮ್ಮ ಜಿಲ್ಲೆಯಲ್ಲೇ, ಘೋಡ್ ನದಿ ದಂಡೆಯ ಇನಾಮಗಾಂವ್ ಇದೆ, 1968ರಿಂದ ಡೆಕ್ಕನ್ ಕಾಲೇಜಿನವರು ವರ್ಷಗಟ್ಟಲೆ ಅಗೆದ ಜಾಗ. ಅಲ್ಲಿನವರು ಮೂರು ಸಾವಿರ ವರ್ಷಕ್ಕೂ ಹಿಂದೆ ಕಾಲುವೆ ತೋಡಿ ಬಾರ್ಲಿ ಬೆಳೆದರು, ದೊಡ್ಡ ಚೌಕದ ಮನೆ ಕಟ್ಟಿದರು. ಆಮೇಲೆ ಮಳೆ ಕೈಕೊಟ್ಟಿತು ಅನ್ನುವುದು ಅಗೆದವರ ಅಭಿಪ್ರಾಯ. ಮನೆಗಳು ಸಣ್ಣ ದುಂಡು ಗುಡಿಸಲಾದವು, ಬೇಟೆ ಮತ್ತೆ ಜಾಸ್ತಿಯಾಯಿತು. ಸತ್ತ ಎಳೇ ಮಕ್ಕಳನ್ನು ಎರಡು ಗಡಿಗೆಯೊಳಗಿಟ್ಟು, ಬಾಯಿಗೆ ಬಾಯಿ ಜೋಡಿಸಿ, ಮನೆಯ ನೆಲದಡಿಯೇ ಹೂಳುತ್ತಿದ್ದರು. ಅಂಥ ಗಡಿಗೆಗಳು ಎಷ್ಟೊಂದು ಸಿಕ್ಕಿವೆ! ಅದನ್ನು ಓದಿದಮೇಲೆ ನನಗೆ ಲಾಭ ನಷ್ಟ ಅಂತ ಸುಮ್ನೆ ಕೂಡಿ ಕಳೆಯೋಕೆ ಮನಸ್ಸಾಗುವುದಿಲ್ಲ.

ಡೊಂಬಿವಲಿ ಮಾಮ: ಅವರಿಗೆ ವಾಪಸ್ ಹೋಗೋಕೆ ಕಾಡಿತ್ತು. ನಾನು ಎಲ್ಲಿಗೆ ಹೋಗಲಿ, ಕಲ್ಯಾಣಕ್ಕಾ?

ಮಡಗಾಂವ್ ಅಕ್ಕ: ಸದ್ಯ ಅಡುಗೆಮನೆಗೆ ಹೋಗಿ ಮಾಮ. ಕಾಯಿ ಒಡೆದು, ತುರಿದು ಕೊಡಿ. ಎಷ್ಟು ಹೊತ್ತಾಯಿತು ಅಂತ ಆಮೇಲೆ ಇಲ್ಲೇ ಬರೆಯಿರಿ.