ರಜಾ ಶಿಬಿರದ ಪ್ರಾಣಿ ಪಾಠದ ಬಗ್ಗೆ ಒಂದು ಉದ್ದ ವಾಯ್ಸ್

ಅಕ್ಕಾ, ಇಲ್ಲಿ ಗೋವಾದ ವಾಸ್ಕೋದಲ್ಲಿ ನಮ್ಮ ಸಂಘದ ರಜಾ ಶಿಬಿರದಲ್ಲಿ ಮಕ್ಕಳಿಗೆ ಒಂದು ಗಂಟೆ ಪ್ರಾಣಿ ದಯೆ ಬಗ್ಗೆ ಇಡೋಣ, ಏನು ಹೇಳಿಕೊಡಲಿ ಅಂತ ಕೇಳಿದ್ದೀರಲ್ಲ, ಟೈಪ್ ಮಾಡುತ್ತಾ ಕೂತರೆ ರಾತ್ರಿಯಾಗುತ್ತದೆ, ಅದಕ್ಕೇ ಮಾತಾಡಿಬಿಡುತ್ತೇನೆ. ಮೊದಲು ಆ ಬಹುಮಾನದ ವಿಷಯ. ಚಿತ್ರ ಬಿಡಿಸಿ ಗೆದ್ದವರಿಗೆ ಬಣ್ಣದ ಕೋಳಿಮರಿ ಕೊಡೋಣ ಅಂತ ಬೈನಾದ ಅಣ್ಣ ಗ್ರೂಪಿನಲ್ಲಿ ಬರೆದಿದ್ದಾರೆ. ಅಣ್ಣಾ, ಬೇಜಾರಾಗಬೇಡಿ, ಅದು ಬೇಡವೇ ಬೇಡ. ತಾಯಿ ಇಲ್ಲದ ಮರಿಗೆ ಶಾಖ ಬೇಕು, ನಮ್ಮ ಮಕ್ಕಳ ಕೈಯಲ್ಲಿ ಅದು ಎಷ್ಟು ದಿನ ಬದುಕೀತು? ಕಲರ್ ಪೆನ್ಸಿಲ್ ಕೊಡಿ.

ಇನ್ನು ಪಾಠ. ಪ್ರಾಣಿಗಳನ್ನು ಪ್ರೀತಿಸಿ ಅಂತ ಹೇಳಿ ಕೈತೊಳೆದುಕೊಳ್ಳಬೇಡಿ. ನಮ್ಮ ವಾಸ್ಕೋ ಮಕ್ಕಳಿಗೆ ಪ್ರೀತಿ ಜಾಸ್ತಿಯೇ ಇದೆ, ಕಂಡ ನಾಯಿಮರಿಯನ್ನೆಲ್ಲ ಎತ್ತಿಕೊಳ್ಳುತ್ತಾರೆ. ಯಾವಾಗ ಮುಟ್ಟಬಾರದು ಅನ್ನುವುದೇ ಗೊತ್ತಿಲ್ಲ. ಉಣ್ಣುವ ನಾಯಿ, ಮಲಗಿದ ನಾಯಿ, ಮರಿ ಹಾಕಿದ ನಾಯಿ, ಇವುಗಳ ಹತ್ತಿರ ಹೋಗಬಾರದು. ಬಾಲ ಆಡಿಸುವ ನಾಯಿಯೆಲ್ಲ ಖುಷಿಯಲ್ಲಿರುವುದಿಲ್ಲ. ಮುಖ ತಿರುಗಿಸಿ ತುಟಿ ನೆಕ್ಕಿಕೊಳ್ಳುತ್ತಿದ್ದರೆ ಅದು ಹೆದರಿರಬಹುದು, ಬಿಟ್ಟುಬಿಡಬೇಕು. ಅಟ್ಟಿಸಿಕೊಂಡು ಬಂದರೆ ಓಡದೆ, ಕೂಗದೆ, ಅದರ ಕಣ್ಣು ದಿಟ್ಟಿಸದೆ ಕೈ ಕಟ್ಟಿ ಮರದ ಹಾಗೆ ನಿಲ್ಲಬೇಕು. ಕೆಡವಿದರೆ ಮುದುಡಿಕೊಂಡು ಕೈಯಿಂದ ಕುತ್ತಿಗೆ, ಕಿವಿ ಮುಚ್ಚಿಕೊಳ್ಳಬೇಕು. ಇದನ್ನು ಸುಮ್ನೆ ಹೇಳಬೇಡಿ, ಮಕ್ಕಳನ್ನು ನಿಲ್ಲಿಸಿ ಮಾಡಿಸಿ, ಅವರಿಗೆ ಅದೇ ಆಟ.

ಕಚ್ಚಿದ್ದನ್ನು ಮುಚ್ಚಿಡಬಾರದು ಅನ್ನುವುದಕ್ಕೆ ಜಾಸ್ತಿ ಹೊತ್ತು ಕೊಡಿ. ಅಪ್ಪ ಬೈಯುತ್ತಾರೆ ಅಂತ ಮಕ್ಕಳು ಹೇಳುವುದೇ ಇಲ್ಲ, ಸಣ್ಣ ಗೀರು ತಾನೇ ಅಂತ ಸುಮ್ಮನಾಗುತ್ತಾರೆ. ರೇಬೀಸ್ ಲಕ್ಷಣ ಶುರುವಾದ ಮೇಲೆ ಉಳಿಸುವುದು ಹೆಚ್ಚುಕಡಿಮೆ ಆಗದ ಮಾತು. ಹಲ್ಲು ತಾಗಿದ ತಕ್ಷಣ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು, ಆಸ್ಪತ್ರೆಗೆ ಹೋಗಬೇಕು, ಡಾಕ್ಟರ್ ಹೇಳಿದಷ್ಟೂ ಲಸಿಕೆ ಡೋಸ್ ಮುಗಿಸಬೇಕು. ಸುಣ್ಣ, ಅರಿಶಿನ, ಖಾರದಪುಡಿ ಹಚ್ಚುವುದು ಬೇಡ. ಈ ಮಾತು ಅಜ್ಜಿಯರ ಕಿವಿಗೂ ಬೀಳಲಿ!

2021ರಲ್ಲಿ ಗೋವಾ ರೇಬೀಸ್ ಹತೋಟಿಗೆ ಬಂದ ರಾಜ್ಯ ಅಂತ ಘೋಷಣೆ ಆಯಿತಲ್ಲ, ಅದು ನಾಯಿಗಳನ್ನು ಓಡಿಸಿದ್ದರಿಂದ ಆಗಿದ್ದಲ್ಲ. ಮಿಷನ್ ರೇಬೀಸ್ ಅನ್ನುವ ಸಂಸ್ಥೆಯವರು ಬಲೆ ಹಿಡಿದು ಓಣಿ ಓಣಿ ತಿರುಗಿ ಲಸಿಕೆ ಹಾಕಿದರು, ಶಾಲೆಗಳಿಗೆ ಹೋಗಿ ಮಕ್ಕಳಿಗೂ ಹೇಳಿಕೊಟ್ಟರು. 100 ನಾಯಿಗಳಲ್ಲಿ 70ಕ್ಕೆ ಲಸಿಕೆ ಬಿದ್ದರೆ ರೋಗ ಹರಡುವುದು ನಿಲ್ಲುತ್ತದೆ. ಲಸಿಕೆ ಹಾಕಿದ ನಾಯಿಯ ಮೈಮೇಲೆ ಬಣ್ಣದ ಗುರುತು ಹಾಕುತ್ತಾರೆ. ಅಂಥ ಗುರುತು ಕಂಡರೆ ಕಲ್ಲು ಹೊಡೆಯುವ ಹುಡುಗರಿಗೆ ತೋರಿಸಿ, ಈ ನಾಯಿ ನಿಮ್ಮ ಓಣಿಯನ್ನೇ ಕಾಯುತ್ತಿದೆ ಅಂತ ಹೇಳಿ.

ಸಾಕುವ ವಿಷಯ ಅಪ್ಪ ಅಮ್ಮಂದಿರಿಗೇ ಹೇಳಬೇಕು. ಮೇ ಬಂತೆಂದರೆ ನಮ್ಮ ಅರ್ಧ ಕಾಲೋನಿ ಹುಬ್ಬಳ್ಳಿ, ಗದಗ ಅಂತ ರೈಲು ಹತ್ತುತ್ತದೆ, ಜಾತ್ರೆ, ಮದುವೆ. ಆಗ ನಾಯಿಗೆ ಅನ್ನ ಹಾಕುವವರು ಯಾರು? ಮರಿ ತರುವ ಮೊದಲೇ ಇದಕ್ಕೆ ಉತ್ತರ ಬೇಕು. ಹಸಿವು ಬಾಯಾರಿಕೆಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಬೇಡಿ. ಪಂಜರದ ಹಸಿರು ಗಿಳಿ ಇದೆಯಲ್ಲ, ಅದನ್ನು ಸಾಕುವುದಕ್ಕೇ ಅನುಮತಿ ಇಲ್ಲ, 1972ರ ವನ್ಯಜೀವಿ ಕಾಯ್ದೆ ಅದನ್ನು ಕಾಪಾಡುತ್ತದೆ. ನಮ್ಮ ಗ್ರೂಪಿನಲ್ಲೇ ಗಿಳಿಯ ಡಿಪಿ ಇದೆ, ಯಾರದು ಅಂತ ನಾನು ಹೇಳುವುದಿಲ್ಲ.

ಆ ದಿನ ನಿಜವಾದ ನಾಯಿ ತರಿಸಬೇಡಿ ಅಕ್ಕಾ, ಅಷ್ಟು ಮಕ್ಕಳು ಸುತ್ತುವರಿದರೆ ಅದಕ್ಕೂ ಗಾಬರಿ. ನಮ್ಮ ಮನೆಯಲ್ಲಿ ದೊಡ್ಡ ಬೊಂಬೆ ನಾಯಿ ಇದೆ, ಒಂದು ಕಿವಿ ಹರಿದಿದೆ, ಹೊಲಿದು ಶುಕ್ರವಾರ ಕಳಿಸುತ್ತೇನೆ.