ಪ್ರೈವೇಟ್ ಟ್ರ್ಯಾಕರ್ ಸೇರಲು ಇಷ್ಟೊಂದು ಒದ್ದಾಡಬೇಕಾ?

ಹೊಸಬ_ಮೈಸೂರು

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಕೇಳಿಯೇ ಬಿಡೋಣ ಅನ್ನಿಸಿತು.

ನನಗೆ ಹಿಂದುಸ್ತಾನಿ ಸಂಗೀತದ ಹುಚ್ಚು, ಅದರಲ್ಲೂ ಮಲ್ಲಿಕಾರ್ಜುನ ಮನ್ಸೂರರ ಹುಚ್ಚು. ಆಪ್‌ಗಳಲ್ಲಿ ಸಿಗುವುದನ್ನೆಲ್ಲ ಕೇಳಿ ಮುಗಿಸಿದ್ದೇನೆ. ಯೂಟ್ಯೂಬಿನಲ್ಲಿ ಮನೆ ಬೈಠಕ್‌ಗಳ ರೆಕಾರ್ಡಿಂಗ್ ಇವೆ, ಆದರೆ ಹತ್ತು ಕೈ ದಾಟಿ ಬಂದ ಎಂಪಿ3ಗಳು ಅವು. ತಂಬೂರಿಯನ್ನು ಬಾವಿಯೊಳಗೆ ಕೂತು ಮೀಟಿದ ಹಾಗೆ ಕೇಳಿಸುತ್ತದೆ. ಶುದ್ಧ ನಟ್, ಬಹಾದುರಿ ತೋಡಿ ಥರದ ರಾಗಗಳನ್ನು ಅವರು ಕಛೇರಿಯಲ್ಲಿ ಹಾಡಿದ್ದು ಒಳ್ಳೆ ಫ್ಲ್ಯಾಕ್‌ನಲ್ಲಿ (ಧ್ವನಿಯ ಗುಣ ಕಳೆಯದೆ ಇಡುವ ಫೈಲ್) ಬೇಕು ಅನ್ನುವುದು ಆಸೆ.

ಸಂಗೀತಕ್ಕೇ ಮೀಸಲಾದ ಪ್ರೈವೇಟ್ ಟೊರೆಂಟ್ ಟ್ರ್ಯಾಕರ್‌ಗಳಿವೆ, ಅಂದರೆ ಸದಸ್ಯರು ಮಾತ್ರ ತಮ್ಮ ತಮ್ಮ ಕಂಪ್ಯೂಟರ್‌ನಿಂದ ಒಬ್ಬರಿಗೊಬ್ಬರು ಫೈಲ್ ಹಂಚಿಕೊಳ್ಳುವ ಸೈಟ್‌ಗಳು, ಅಲ್ಲಿ ಸಿಗದೇ ಇರುವುದು ಯಾವುದೂ ಇಲ್ಲ ಅಂತ ಆಫೀಸಿನ ಗೆಳೆಯನೊಬ್ಬ ಹೇಳಿದ. ಸೇರಬೇಕೆಂದರೆ ಒಳಗಿರುವವರು ಇನ್‌ವೈಟ್ ಕೊಡಬೇಕು, ಇಲ್ಲವಾದರೆ ಚಾಟ್‌ನಲ್ಲಿ ಇಂಟರ್‌ವ್ಯೂ ಪಾಸಾಗಬೇಕಂತೆ. ಮೂರು ವಾರದಿಂದ ರಾತ್ರಿ ಕೂತು ಓದುತ್ತಿದ್ದೇನೆ. ಸಿಡಿ ರಿಪ್ ಮಾಡುವುದು (ಕಂಪ್ಯೂಟರ್‌ಗೆ ಇಳಿಸುವುದು) ಹೇಗೆ, ರಿಪ್ ಸರಿಯಾಯಿತಾ ಅಂತ ಹೇಳುವ ಲಾಗ್ ಫೈಲ್ ಓದುವುದು ಹೇಗೆ, ಸ್ಪೆಕ್ಟ್ರೋಗ್ರಾಮ್ (ಧ್ವನಿಯಲ್ಲಿ ಯಾವ ಆವರ್ತನ ಎಷ್ಟಿದೆ ಅಂತ ತೋರಿಸುವ ಚಿತ್ರ) ನೋಡಿ ಎಂಪಿ3ಯಿಂದ ಮಾಡಿದ ಕಳ್ಳ ಫ್ಲ್ಯಾಕ್ ಹಿಡಿಯುವುದು ಹೇಗೆ, ಹೀಗೆ. "ಈ ವಯಸ್ಸಿನಲ್ಲಿ ಕೆಎಎಸ್ ಪರೀಕ್ಷೆ ಕಟ್ಟಿದ್ದೀರಾ?" ಅಂತ ನಮ್ಮ ಮನೆಯವರು ಕೇಳಿಯೂ ಆಯಿತು.

ಸೇರಿದ ಮೇಲೂ ಬಿಡುವಿಲ್ಲ. ಇಳಿಸಿಕೊಂಡಷ್ಟಕ್ಕೆ ಲೆಕ್ಕವಾಗಿ ವಾಪಸ್ ಅಪ್‌ಲೋಡ್ ಆಗಬೇಕಂತೆ, ಇಲ್ಲದಿದ್ದರೆ ಹೊರಗೆ ಹಾಕುತ್ತಾರಂತೆ. ಈ ಮಧ್ಯೆ ಟೆಲಿಗ್ರಾಂನಲ್ಲಿ ಒಬ್ಬ 2000 ರೂಪಾಯಿಗೆ ಇನ್‌ವೈಟ್ ಕೊಡುತ್ತೇನೆ ಅನ್ನುತ್ತಿದ್ದಾನೆ. ಅನುಭವ ಇದ್ದವರು ಹೇಳಿ, ಇಷ್ಟು ಕಷ್ಟಪಟ್ಟಿದ್ದಕ್ಕೆ ಏನಾದರೂ ಸಿಗುತ್ತದಾ?

ಹಳೇ_ಸೀಡರ್

ಮೊದಲು ಆ 2000 ರೂಪಾಯಿ ಜೇಬಿನಲ್ಲೇ ಇರಲಿ. ಯಾರು ಯಾರನ್ನು ಕರೆತಂದರು ಅನ್ನುವುದರ ವಂಶವೃಕ್ಷವೇ ಈ ಟ್ರ್ಯಾಕರ್‌ಗಳ ಹತ್ತಿರ ಇರುತ್ತದೆ. ಇನ್‌ವೈಟ್ ಮಾರಿದವನು ಸಿಕ್ಕಿಬಿದ್ದರೆ ಆ ಕೊಂಬೆಯನ್ನೇ ಕಡಿದು ಹಾಕುತ್ತಾರೆ. ನೀವೂ ಹೋಗುತ್ತೀರಿ, ದುಡ್ಡೂ ಹೋಗುತ್ತದೆ.

ನಾನು 2009ರಿಂದ 2016ರ ತನಕ ವಾಟ್.ಸಿಡಿ ಅನ್ನುವ ಸಂಗೀತದ ಟ್ರ್ಯಾಕರ್‌ನಲ್ಲಿದ್ದೆ. ಅದು ಹುಟ್ಟಿದ್ದೇ ಇನ್ನೊಂದು ಸತ್ತ ಮೇಲೆ. ಓಯಿಂಕ್ ಅಂತ ಒಂದಿತ್ತು, 2007ರ ಅಕ್ಟೋಬರ್‌ನಲ್ಲಿ ಬ್ರಿಟನ್ ಮತ್ತು ನೆದರ್ಲೆಂಡ್ಸ್ ಪೊಲೀಸರು ಸೇರಿ ಮುಚ್ಚಿಸಿದರು. ನೈನ್ ಇಂಚ್ ನೇಲ್ಸ್‌ನ ಟ್ರೆಂಟ್ ರೆಜ್ನರ್ ಕೂಡ ತಾನು ಅದರ ಸದಸ್ಯನಾಗಿದ್ದೆ ಅಂತ ಹೇಳಿಕೊಂಡಿದ್ದ, ಅಂದರೆ ಲೆಕ್ಕ ಹಾಕಿ. ನಡೆಸುತ್ತಿದ್ದವನಿಗೆ 2010ರಲ್ಲಿ ಕೋರ್ಟಿನಲ್ಲಿ ಖುಲಾಸೆಯಾಯಿತು, ಆದರೆ ಸೈಟ್ ಮಾತ್ರ ವಾಪಸ್ ಬರಲಿಲ್ಲ.

ವಾಟ್.ಸಿಡಿ ಇಂಟರ್‌ವ್ಯೂನಲ್ಲಿ ನಾನು ಮೊದಲ ಸಲ ಫೇಲ್. 128 ಕೆಬಿಪಿಎಸ್‌ನ ಎಂಪಿ3 ಸ್ಪೆಕ್ಟ್ರೋಗ್ರಾಮಿನಲ್ಲಿ ಸುಮಾರು 16 ಕಿಲೋಹರ್ಟ್ಸ್ ಹತ್ತಿರ ಕತ್ತರಿಸಿದ ಹಾಗೆ ನಿಂತುಬಿಡುತ್ತದೆ, 320 ಆದರೆ 20ರ ಹತ್ತಿರ, ಸಿಡಿಯದು 22ರ ತನಕ ಹೋಗುತ್ತದೆ. ಇದನ್ನು ಹಿಂದುಮುಂದು ಮಾಡಿ ಹೇಳಿದ್ದೆ. ಎರಡನೇ ಸಲ ಪಾಸಾದೆ. ಒಳಗೆ ಹೋದ ಮೇಲೆ ಅಲ್ಲಿನ ಶಿಸ್ತು ನೋಡಿ ದಂಗಾದೆ. ಒಂದೇ ಆಲ್ಬಮ್ಮಿನ ಮೊದಲ ಸಿಡಿ, ಜಪಾನಿನ ಸಿಡಿ, ಎಲ್‌ಪಿಯಿಂದ ತೆಗೆದದ್ದು, ಆಮೇಲಿನ ರೀಮಾಸ್ಟರ್ ಎಲ್ಲ ಬೇರೆ ಬೇರೆ ಸಾಲಿನಲ್ಲಿ, ಒಂದೊಂದಕ್ಕೂ ಲಾಗ್ ಸಮೇತ. ಯಾವುದು ಚೆನ್ನಾಗಿದೆ ಅಂತ ಕೆಳಗೆ ನಲವತ್ತು ಜನರ ಜಗಳ. ನಾನು ಸಂಗೀತ ಕೇಳಲು ಕಲಿತದ್ದು ಆ ಜಗಳಗಳಿಂದ ಅಂದರೂ ತಪ್ಪಿಲ್ಲ.

2016ರ ನವೆಂಬರ್ 17ಕ್ಕೆ ಎಲ್ಲ ಮುಗಿಯಿತು. ಫ್ರಾನ್ಸ್‌ನಲ್ಲಿ ಸರ್ವರ್ ಜಪ್ತಿಯಾಯಿತು. ಸದಸ್ಯರ ಮಾಹಿತಿ ಸಮೇತ ಎಲ್ಲವನ್ನೂ ಅಳಿಸಿದ್ದೇವೆ ಅಂತ ನಡೆಸುವವರು ಒಂದು ಚಿಕ್ಕ ಪ್ರಕಟಣೆ ಹಾಕಿ ಹೋದರು. ಫೈಲ್‌ಗಳು ಜನರ ಹಾರ್ಡ್ ಡಿಸ್ಕ್‌ನಲ್ಲಿ ಉಳಿದವು, ಅದು ಸರಿ. ಆ ಪಟ್ಟಿ, ಆ ಟಿಪ್ಪಣಿ, ಆ ಜಗಳ ಹೋದವಲ್ಲ, ಅದು ವಾಪಸ್ ಬರುವುದಿಲ್ಲ. ಅದರ ಜಾಗಕ್ಕೆ ಬೇರೆ ಸೈಟ್‌ಗಳು ಬಂದವು. ಸೊನ್ನೆಯಿಂದ ಶುರು ಮಾಡುವ ಮನಸ್ಸು ನನಗೆ ಬರಲಿಲ್ಲ.

ನಿಮ್ಮ ವಿಷಯಕ್ಕೆ ಬಂದರೆ, ಆ ಏಳು ವರ್ಷದಲ್ಲಿ ಹಿಂದುಸ್ತಾನಿಯಲ್ಲಿ ನನಗೆ ಕಂಡದ್ದೆಲ್ಲ ಅಂಗಡಿಗೆ ಬಂದ ಸಿಡಿಗಳೇ, ಅದೂ ಹೆಚ್ಚಾಗಿ ವಿದೇಶಿ ಲೇಬಲ್‌ಗಳದ್ದು. ರವಿಶಂಕರ್ ಬೇಕಾದಷ್ಟು. ಮನ್ಸೂರರ ಬೈಠಕ್ ಒಂದೂ ನನ್ನ ಕಣ್ಣಿಗೆ ಬೀಳಲಿಲ್ಲ.

ಬೈಟೂ_ಕಾಫಿ

ರೇಶಿಯೊ, ಅಂದರೆ ಕಳಿಸಿದ್ದಕ್ಕೂ ಇಳಿಸಿಕೊಂಡದ್ದಕ್ಕೂ ಇರುವ ಅನುಪಾತ, ಅದರ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ನೀವು ಇಳಿಸಿಕೊಂಡ ಒಂದು ಜಿಬಿ ಅಂದರೆ ಇನ್ಯಾರೋ ಕಳಿಸಿದ ಒಂದು ಜಿಬಿ. ಹಾಗಾಗಿ ಇಡೀ ಟ್ರ್ಯಾಕರ್ ಕೂಡಿಸಿದರೆ ರೇಶಿಯೊ ಸರಿಯಾಗಿ 1 ಬರುತ್ತದೆ. ಇಸ್ಪೀಟ್ ಮೇಜಿನ ಥರ, ಒಬ್ಬನ ಮುಂದೆ ಗುಡ್ಡೆ ಬಿದ್ದಿದೆ ಅಂದರೆ ಉಳಿದವರ ಜೇಬು ಖಾಲಿ. ಅದಕ್ಕೇ ಆಗಾಗ ಫ್ರೀಲೀಚ್ ಅಂತ ಬಿಡುತ್ತಾರೆ. ಆಗ ಇಳಿಸಿಕೊಂಡದ್ದು ಲೆಕ್ಕಕ್ಕಿಲ್ಲ, ಕಳಿಸಿದ್ದು ಮಾತ್ರ ಲೆಕ್ಕ. ಸುಮ್ಮನೆ ಸೀಡ್ ಮಾಡಿಕೊಂಡು, ಅಂದರೆ ಫೈಲನ್ನು ಬೇರೆಯವರಿಗೆ ಸಿಗುವಂತೆ ತೆರೆದಿಟ್ಟುಕೊಂಡು ಕೂತವರಿಗೆ ಬೋನಸ್ ಪಾಯಿಂಟ್ ಕೊಡುವ ಕಡೆಯೂ ಇವೆ. ಇದಿಲ್ಲದಿದ್ದರೆ ಹೊಸಬರು ಯಾರೂ ಉಳಿಯುವುದಿಲ್ಲ.

ಆಟ ಸಮಾನವೂ ಅಲ್ಲ. ಹೊಸ ಆಲ್ಬಮ್ ಬಂದ ಐದು ನಿಮಿಷದೊಳಗೆ ಯುರೋಪಿನ ಸೀಡ್‌ಬಾಕ್ಸ್‌ಗಳು ಗಿಗಾಬಿಟ್ ಲೈನಿನಲ್ಲಿ ಅದನ್ನು ಎಳೆದು ಎಲ್ಲರಿಗೂ ಹಂಚಿಬಿಟ್ಟಿರುತ್ತವೆ. ಸೀಡ್‌ಬಾಕ್ಸ್ ಅಂದರೆ ಇದೇ ಕೆಲಸಕ್ಕೆ ಬಾಡಿಗೆಗೆ ಹಿಡಿದ ದೂರದ ಕಂಪ್ಯೂಟರ್, ತಿಂಗಳ ಬಾಡಿಗೆ ಯೂರೋದಲ್ಲಿ. ನೀವು ಮೈಸೂರಿನಲ್ಲಿ ಕೂತು ಇಳಿಸಿ ಮುಗಿಸುವ ಹೊತ್ತಿಗೆ ಪಂಕ್ತಿ ಎದ್ದಿರುತ್ತದೆ, ಬಡಿಸಲು ಎಲೆ ಮುಂದೆ ಯಾರೂ ಇಲ್ಲ.

ನನ್ನದೇ ಕಥೆ ಕೇಳಿ. ನನ್ನ ಫೈಬರ್ ಕಂಪನಿ ಸಿಜಿನ್ಯಾಟ್ ಹಿಂದೆ ಕೂರಿಸಿದೆ. ಅಂದರೆ ನೂರಾರು ಮನೆಗೆ ಒಂದೇ ಹೊರಗಿನ ಐಪಿ ವಿಳಾಸ, ಅಪಾರ್ಟ್‌ಮೆಂಟಿಗೆಲ್ಲ ಒಂದೇ ಕಾಲಿಂಗ್ ಬೆಲ್ ಇದ್ದ ಹಾಗೆ. ನಾನು ಹೊರಗೆ ಹೋಗಿ ಬೇರೆಯವರ ಬಾಗಿಲು ತಟ್ಟಬಹುದು, ನನ್ನ ಬಾಗಿಲು ಯಾರಿಗೂ ಸಿಗುವುದಿಲ್ಲ. ಎದುರಿನವನೂ ಅಂಥದ್ದೇ ನೆಟ್‌ನಲ್ಲಿದ್ದರೆ ಇಬ್ಬರಿಗೂ ಭೇಟಿ ಕಷ್ಟ. ಎರಡು ತಿಂಗಳು ಹಗಲು ರಾತ್ರಿ ಸೀಡ್ ಮಾಡಿದರೂ ರೇಶಿಯೊ 0.3 ದಾಟಲಿಲ್ಲ. ಸ್ಟ್ಯಾಟಿಕ್ ಐಪಿಗೆ (ನನಗೊಬ್ಬನಿಗೇ ಮೀಸಲಾದ ವಿಳಾಸಕ್ಕೆ) ಬೇರೆ ದುಡ್ಡು ಕೇಳಿದರು.

ಕರೆಂಟು ಮರೆಯಬೇಡಿ. ಹಳೇ ಡೆಸ್ಕ್‌ಟಾಪ್ 60 ವ್ಯಾಟ್ ಅಂತ ಹಿಡಿದರೂ ದಿನವಿಡೀ ಓಡಿದರೆ ತಿಂಗಳಿಗೆ 43 ಯೂನಿಟ್. ರಾಸ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಇಟ್ಟರೆ ನಾಲ್ಕು ಯೂನಿಟ್‌ನಲ್ಲಿ ಮುಗಿಯುತ್ತದೆ.

ಸುಮ್ನೆ_ಬಂದೆ

ಆಪ್‌ನಲ್ಲಿ ತಿಂಗಳಿಗೆ ಅಷ್ಟೋ ಇಷ್ಟೋ ಕೊಟ್ಟರೆ ಎಲ್ಲ ಸಿಗುತ್ತದಲ್ಲ ಗುರೂ, ಇದೆಲ್ಲ ಯಾಕೆ?

ಹೊಸಬ_ಮೈಸೂರು

ಗುರುಗಳೇ, ಅಲ್ಲಿ ಇರುವುದನ್ನೆಲ್ಲ ಕೇಳಿ ಮುಗಿಸಿದ್ದೇನೆ ಅಂತ ಮೇಲೇ ಬರೆದಿದ್ದೇನೆ.

ಹಾಸ್ಟೆಲ್_ಹಬ್

ನಿಮ್ಮ ರೇಶಿಯೊ ಮಾತು ಕೇಳಿ ನನಗೆ ನಗು. 2008ರಲ್ಲಿ ನಮ್ಮ ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಡಿಸಿ++ ಹಬ್ ಇತ್ತು, ಎಲ್ಲರ ಕಂಪ್ಯೂಟರ್‌ಗಳು ನೇರವಾಗಿ ಫೈಲ್ ಹಂಚಿಕೊಳ್ಳುವ ಜಾಗ. ಅದೂ ಪ್ರೈವೇಟೇ, ಹಾಸ್ಟೆಲ್ ಲ್ಯಾನ್ ಬಿಟ್ಟು ಹೊರಗಿನವರಿಗೆ ಕಾಣುತ್ತಿರಲಿಲ್ಲ. ಕನಿಷ್ಠ 20 ಜಿಬಿ ಶೇರ್ ಮಾಡಿದರೆ ಮಾತ್ರ ಒಳಗೆ ಪ್ರವೇಶ. ನನ್ನ ಹತ್ತಿರ ಇದ್ದದ್ದೇ 40 ಜಿಬಿ ಡಿಸ್ಕ್, ಅದರಲ್ಲಿ ಪಾಠದ ಪಿಡಿಎಫ್ ಬಿಟ್ಟರೆ ಏನೂ ಇಲ್ಲ. ವಿಂಡೋಸ್ ಫೋಲ್ಡರ್ ಸಮೇತ ಎಲ್ಲ ಶೇರ್ ಮಾಡಿ, ಸಾಲದ್ದಕ್ಕೆ ಒಂದೇ ಫೈಲನ್ನು ಜಿಪ್ ಮಾಡಿ ಮಾಡಿ ಹೆಸರು ಬದಲಿಸಿ ಇಟ್ಟು ಒಳಗೆ ಹೋದೆ. ಮೂರನೇ ದಿನ ಮೇಲಿನ ಮಹಡಿಯ ಸೀನಿಯರ್ ರೂಮಿಗೇ ಬಂದು ಕೇಳಿದ, "ಏನೋ, ಸಿಸ್ಟಮ್32 ಯಾರಿಗೆ ಹಂಚುತ್ತಿದ್ದೀಯಾ?"

ಆದರೆ ಅಲ್ಲಿ ಯಾರ ಹತ್ತಿರ ಏನಿದೆ ಅಂತ ಗೊತ್ತಿತ್ತು. ಹಳೇ ಕನ್ನಡ ಹಾಡು ಬೇಕಾದರೆ ಹಾಸನದ ಹುಡುಗನ ರೂಮು. ರೂಮಿಗೆ ಹೋಗಿ ಕಾಫಿ ಕುಡಿದು ಪೆನ್‌ಡ್ರೈವ್‌ನಲ್ಲೇ ತರುತ್ತಿದ್ದದ್ದು ಜಾಸ್ತಿ.

ಕರಿಕೋಟು

ಕಾನೂನಿನ ಮಾತು ಯಾರೂ ಎತ್ತಲಿಲ್ಲ, ನಾನೇ ಹೇಳಿಬಿಡುತ್ತೇನೆ. ಪ್ರೈವೇಟ್ ಆದ ಮಾತ್ರಕ್ಕೆ ಅದು ಸಕ್ರಮ ಆಗುವುದಿಲ್ಲ. ಟೊರೆಂಟಿನಲ್ಲಿ ನೀವು ಬರೀ ಪಡೆಯುವವರಲ್ಲ, ಹಂಚುವವರೂ ಹೌದು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್‌ನಲ್ಲಿ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ ಅಂತಿದೆ. ವ್ಯಾಪಾರದ ಲಾಭಕ್ಕೆ ಮಾಡಿದ್ದಲ್ಲ ಅಂದರೆ ಕೋರ್ಟ್ ಕಡಿಮೆ ಮಾಡಬಹುದು, ಅಷ್ಟೆ.

ಧ್ವನಿಮುದ್ರಣಕ್ಕೆ ಕಾಪಿರೈಟ್ ಇರುವುದು ಬಿಡುಗಡೆಯಾದ ಮೇಲೆ 60 ವರ್ಷ. ಹಾಗಾಗಿ ತೀರಾ ಹಳೇ 78 ಆರ್‌ಪಿಎಂ ಪ್ಲೇಟುಗಳ ಧ್ವನಿಮುದ್ರಣ ಈಗ ಎಲ್ಲರದು, ಆದರೆ ಹಾಡು ಬರೆದವರ ಹಕ್ಕಿನ ಲೆಕ್ಕ ಬೇರೆ. ಬಿಡುಗಡೆಯೇ ಆಗದ ಕಛೇರಿ ರೆಕಾರ್ಡಿಂಗ್ ಕೂಡ ಪೂರ್ತಿ ಎಲ್ಲರದಲ್ಲ. ಹಾಡಿದವರ ಹಕ್ಕು ಅಂತ ಒಂದಿದೆ, ಅದು ಹಾಡಿದ ವರ್ಷ ಮುಗಿದ ಮೇಲೆ 50 ವರ್ಷ. ಅಭಿಮಾನಿಗಳ ನಡುವೆ ಕೈ ಬದಲಾಗುವ ಟೇಪ್‌ಗಳ ಮೇಲೆ ಕೇಸು ಬಿದ್ದದ್ದು ನಾನು ನೋಡಿಲ್ಲ, ಅದು ಬೇರೆ ಮಾತು.

ಸಾಧನಕೇರಿ_ಮಳೆ

ತಡವಾಗಿ ನೋಡಿದೆ. ಹೊಸಬರೇ, ನಿಮಗೆ ಬೇಕಾದದ್ದು ಇವರೆಲ್ಲ ಹೇಳುತ್ತಿರುವ ಜಾಗದಲ್ಲಿ ಇಲ್ಲ. ಹಳೇ ಸೀಡರ್ ಹೇಳಿದ್ದು ಸರಿ. ಆ ಸೈಟ್‌ಗಳಲ್ಲಿ ಇರುವುದು ಯಾರೋ ಕೊಂಡ ಸಿಡಿ. ಮನ್ಸೂರರ ಬೈಠಕ್ ಸಿಡಿಯಾಗಿ ಬರದಿದ್ದರೆ ಅದನ್ನು ಅಲ್ಲಿ ರಿಪ್ ಮಾಡುವವರು ಯಾರು? ನೀವು ಇಂಟರ್‌ವ್ಯೂ ಪಾಸಾದರೂ ಕೈಗೆ ಬರುವುದು ಆಪ್‌ನಲ್ಲಿ ಕೇಳಿದ್ದೇ, ಸ್ವಲ್ಪ ಸ್ವಚ್ಛವಾಗಿ.

ಕಛೇರಿ ರೆಕಾರ್ಡಿಂಗ್‌ಗೇ ಬೇರೆ ಜಾಗಗಳಿವೆ. ಡೈಮ್ ಅಂತ ಒಂದು ಟ್ರ್ಯಾಕರ್ ಇದೆ, ಅಂಗಡಿಯಲ್ಲಿ ಬಿಡುಗಡೆಯಾದ ಯಾವುದನ್ನೂ ಅಲ್ಲಿ ಹಾಕುವಂತಿಲ್ಲ, ಎಂಪಿ3ಯನ್ನಂತೂ ಹತ್ತಿರಕ್ಕೇ ಸೇರಿಸುವುದಿಲ್ಲ. ಇಂಟರ್‌ವ್ಯೂ ಇಲ್ಲ, ಜಾಗ ಖಾಲಿಯಾದಾಗ ಹೆಸರು ನೋಂದಾಯಿಸಬಹುದು. ಪಾಶ್ಚಾತ್ಯ ರಾಕ್ ಜಾಸ್ತಿ, ನಡುನಡುವೆ ಹಿಂದುಸ್ತಾನಿ ಕಛೇರಿಗಳೂ ಬರುತ್ತವೆ. ಕರ್ನಾಟಕ ಸಂಗೀತವಾದರೆ ಸಂಗೀತಪ್ರಿಯ ಅನ್ನುವ ಸೈಟಿನವರು ಇದ್ದಾರೆ, ಅವರದೂ ಮಾರಾಟಕ್ಕಿರುವ ರೆಕಾರ್ಡಿಂಗ್ ಬೇಡ ಅನ್ನುವ ನಿಯಮವೇ.

ಆದರೆ ನಿಜವಾದ ಖಜಾನೆ ನೆಟ್‌ನಲ್ಲೇ ಇಲ್ಲ. ಧಾರವಾಡ, ಹುಬ್ಬಳ್ಳಿ, ಪುಣೆ ಕಡೆ ಮನೆಮನೆಯ ಅಟ್ಟದ ಮೇಲಿದೆ. ನಮ್ಮ ಅಪ್ಪನ ಹತ್ತಿರ ಇನ್ನೂರು ಚಿಲ್ಲರೆ ಕ್ಯಾಸೆಟ್ ಇದ್ದವು. ಅವರ ಬಳಗದಲ್ಲಿ ಒಂದೇ ನಿಯಮ, ಕೊಟ್ಟು ತೆಗೆದುಕೊಳ್ಳಬೇಕು. ಬಸವರಾಜ ರಾಜಗುರು ಅವರದೊಂದು ತಂದರೆ ಗಂಗೂಬಾಯಿ ಅವರದೊಂದು ಸಿಗುತ್ತಿತ್ತು. ಬರಿಗೈಯಲ್ಲಿ ಬಂದವರಿಗೆ ಚಹಾ ಕೊಟ್ಟು, ಕೇಳಿಸಿ ಕಳಿಸುತ್ತಿದ್ದರು, ಕಾಪಿ ಕೊಡುತ್ತಿರಲಿಲ್ಲ. ನಾನು ಡೈಮ್‌ನಲ್ಲಿ ಮೂರು ವರ್ಷ ಬರೀ ಇಳಿಸಿಕೊಂಡೇ ಇದ್ದೆ. ಆಮೇಲೆ ಅಪ್ಪನ ಎರಡು ಟೇಪ್ ಹಾಕಿದೆ. ಯಾವ ಡೆಕ್ಕು, ಎಷ್ಟನೇ ಕಾಪಿ ಅಂತೆಲ್ಲ ವಿವರ ಬರೆದು ಹಾಕಬೇಕು ಅಲ್ಲಿ. ಒಂದು ವಾರದೊಳಗೆ ನಾಲ್ಕು ಜನ ಮೆಸೇಜು ಮಾಡಿದರು, ಅದರಲ್ಲಿ ಒಬ್ಬರು ಕೆನಡಾದಲ್ಲಿರುವ ಬೆಳಗಾವಿಯವರು. ಅವರ ಹತ್ತಿರ ಏನಿತ್ತು ಅಂತ ಇಲ್ಲಿ ಬರೆಯುವುದಿಲ್ಲ, ನಿಮಗೆ ನಿದ್ದೆ ಬರುವುದಿಲ್ಲ.

ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಹತ್ತಿರ ಕೊಡಲು ಏನಿದೆ?

ಹೊಸಬ_ಮೈಸೂರು

ಸರ್, ನಿಮ್ಮ ಪ್ರಶ್ನೆ ಓದಿ ಎರಡು ದಿನ ಸುಮ್ಮನಿದ್ದೆ. ಆಮೇಲೆ ಅಮ್ಮನಿಗೆ ಫೋನ್ ಮಾಡಿದೆ. ನಮ್ಮ ಸೋದರಮಾವ 80ರ ದಶಕದಲ್ಲಿ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದರು. ಭುಜಕ್ಕೆ ಟೇಪ್‌ರೆಕಾರ್ಡರ್ ಹಾಕಿಕೊಂಡೇ ಕಛೇರಿಗೆ ಹೋಗುತ್ತಿದ್ದರು ಅಂತ ಮನೆಯಲ್ಲಿ ತಮಾಷೆ ಮಾಡುತ್ತಿದ್ದದ್ದು ನೆನಪಾಯಿತು. ಅವರು ಹೋಗಿ ಆರು ವರ್ಷ. ಅತ್ತೆ ಒಂದು ಟ್ರಂಕ್ ಹಾಗೇ ಇಟ್ಟಿದ್ದಾರೆ. ಭಾನುವಾರ ಹೋಗಿ ನೋಡಿ ಬಂದೆ, 61 ಕ್ಯಾಸೆಟ್. ಕೆಲವಕ್ಕೆ ಬೂಷ್ಟು ಹಿಡಿದಿದೆ. ಜೊತೆಗೆ ಅವರ ಡೆಕ್ಕೂ ಇದೆ. ಆನ್ ಮಾಡಿದರೆ ಮೋಟರ್ ಸದ್ದು ಬರುತ್ತದೆ, ಟೇಪ್ ಮಾತ್ರ ತಿರುಗುವುದಿಲ್ಲ.

ಇಂಟರ್‌ವ್ಯೂ ಸದ್ಯಕ್ಕೆ ಬಿಟ್ಟೆ. ಸ್ಪೆಕ್ಟ್ರೋಗ್ರಾಮ್ ಓದಲು ಬಂತಲ್ಲ, ಅದು ಉಪಯೋಗಕ್ಕೆ ಬರಬಹುದು.

ಸಾಧನಕೇರಿ_ಮಳೆ

ಡೆಕ್ಕಿನೊಳಗಿನ ರಬ್ಬರ್ ಬೆಲ್ಟ್ ಕರಗಿ ಮೇಣ ಆಗಿರುತ್ತದೆ, ಅದು ಸಾಮಾನ್ಯ. ಬೂಷ್ಟು ಹಿಡಿದದ್ದನ್ನು ಬೇರೆ ಇಡಿ. ಅದನ್ನು ಓಡಿಸಿದರೆ ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್‌ಗೂ ಹತ್ತುತ್ತದೆ. ಒಳ್ಳೆಯದನ್ನು ಕೂಡ ಹಾಕುವ ಮುಂಚೆ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಒಂದೊಂದು ಟೇಪಿಗೂ ಹೆಡ್ಡಿನ ಪಕ್ಕದ ಸ್ಕ್ರೂ ತಿರುಗಿಸಿ ಅಜಿಮತ್ (ಟೇಪಿಗೆ ಹೆಡ್ಡು ನಿಲ್ಲುವ ಕೋನ) ಸರಿ ಮಾಡಿಕೊಳ್ಳಿ. ಆ ಬಾವಿಯೊಳಗಿನ ತಂಬೂರಿ ಅಂದಿರಲ್ಲ, ಅರ್ಧ ಸಲ ಅದಕ್ಕೆ ಕಾರಣ ಎಂಪಿ3 ಅಲ್ಲ, ಇದೇ. ಕಂಪ್ಯೂಟರ್‌ಗೆ ಇಳಿಸಲು 24 ಬಿಟ್, 48 ಕಿಲೋಹರ್ಟ್ಸ್ ಸಾಕು. 90 ನಿಮಿಷದ ಕ್ಯಾಸೆಟ್ ಒಂದೂವರೆ ಜಿಬಿ ಆಗುತ್ತದೆ, ಫ್ಲ್ಯಾಕ್ ಮಾಡಿದರೆ ಇನ್ನೂ ಕಡಿಮೆ.

ಬೈಟೂ_ಕಾಫಿ

ಬೆಂಗಳೂರಿಗೆ ಬಂದರೆ ಎಸ್‌ಪಿ ರೋಡಿನಲ್ಲಿ ವಿಚಾರಿಸಿ, ಹಳೇ ಬೆಲ್ಟಿನ ತುಂಡು ಒಯ್ಯಿರಿ. ಬರುವುದಾದರೆ ಹೇಳಿ, ನಾನೂ ಬರುತ್ತೇನೆ.

ಹೊಸಬ_ಮೈಸೂರು

ಶನಿವಾರ ಬರುತ್ತೇನೆ ಸರ್. ಒಂದು ಕ್ಯಾಸೆಟ್ ಮೇಲೆ ಮಾವನ ಕೈಬರಹದಲ್ಲಿ ಬರೀ "ಮ. ಮನ್ಸೂರ, ಬೆಳಗ್ಗೆ" ಅಂತಿದೆ. ರಾಗದ ಹೆಸರಿಲ್ಲ, ವರ್ಷವಿಲ್ಲ.

ಸಾಧನಕೇರಿ_ಮಳೆ

ಬೆಳಗ್ಗೆ ಅಂದರೆ ತೋಡಿ ಇದ್ದರೂ ಇರಬಹುದು. ಆ ಡೆಕ್ಕಿಗೆ ಮೊದಲು ಯಾವುದಾದರೂ ಭಜನೆ ಕ್ಯಾಸೆಟ್ ಹಾಕಿ ನೋಡಿ. ಇದನ್ನು ಮಾತ್ರ ಕೊನೆಗೆ ಹಾಕಿ.