ಸಹಾಯ ಬೇಕು: ಹಾರ, ಬೊಕೆ, ಸ್ಟೇಜ್ ಹೂವಿಗೆ ಒಂದೇ ಪೀಚ್ ಬಣ್ಣ ಹೊಂದಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ತಂಗಿ ಮದುವೆ. ಸಂಜೆ ಆರತಕ್ಷತೆಗೆ ಹಾರ, ಕೈಲಿ ಹಿಡಿಯೋ ಬೊಕೆ, ಸ್ಟೇಜ್ ಹೂವು ಮೂರೂ ಪೀಚ್ ಗುಲಾಬಿಯಲ್ಲೇ ಬೇಕು ಅಂತ ಅವಳ ಆಸೆ. ಸೀರೆ ಕಡು ಹಸಿರು, ಚಿನ್ನದ ಜರಿ.

ತೊಡಕು ಏನಂದ್ರೆ, ಹಾರಕ್ಕೆ ಕಟ್ಟೋದು ತೊಟ್ಟು ತೆಗೆದ ಬಿಡಿ ಹೂವು. ಬೊಕೆಗೆ ಬೇಕಾದ್ದು ಉದ್ದ ಕಡ್ಡಿಯ, 20ರ ಕಟ್ಟಲ್ಲಿ ಬರೋ ಡಚ್ ಗುಲಾಬಿ. ಕೆ.ಆರ್. ಮಾರ್ಕೆಟ್ಟಲ್ಲಿ ಎರಡನ್ನೂ ಪಕ್ಕ ಹಿಡಿದು ನೋಡಿದ್ರೆ ಒಂದು ಕೆನೆ ಬಣ್ಣಕ್ಕೆ, ಇನ್ನೊಂದು ಕಿತ್ತಳೆಗೆ ಎಳೆಯುತ್ತೆ. ಸಾಲದ್ದಕ್ಕೆ ಪೀಚ್ ಅರಳ್ತಾ ಅರಳ್ತಾ ಹೊರಗಿನ ಎಸಳು ತೆಳು ಬಣ್ಣಕ್ಕೆ ತಿರುಗುತ್ತೆ, ನಡುವೆ ಮಾತ್ರ ಬಣ್ಣ ಉಳಿಯುತ್ತೆ. ಹಳದಿ ಲೈಟ್ ಬಿದ್ರಂತೂ ಪೂರ್ತಿ ಕಿತ್ತಳೆನೇ!

ಹೂವು ಬಾಳಿಕೆ ಬಗ್ಗೆ ಚಿಂತೆ ಇಲ್ಲ. ಕಡ್ಡಿ ತುದಿ ಒಂದಿಂಚು ಓರೆಯಾಗಿ ಕತ್ತರಿಸಿ, ನೀರಲ್ಲಿ ಮುಳುಗೋ ಎಲೆ ತೆಗೆದು ನೆರಳಲ್ಲಿ ಬಕೆಟ್ಟಲ್ಲಿಟ್ಟೆ. ಅರೆ ಅರಳಿದವು ಚೆನ್ನಾಗಿ ನಿಂತವು, ತೀರಾ ಬಿಗಿ ಮೊಗ್ಗುಗಳು ಅರಳದೇ ಕತ್ತು ಬಾಗಿಸಿದವು. ಸ್ಟೇಜಿನ ಫೋಮನ್ನೂ (ಹೂವಿನ ಕಡ್ಡಿ ಚುಚ್ಚೋ, ನೀರು ಹೀರೋ ಸ್ಪಂಜಿನಂಥ ಇಟ್ಟಿಗೆ) ಒತ್ತದೆ, ನೀರಲ್ಲಿ ತಾನಾಗೇ ಮುಳುಗೋಕೆ ಬಿಡ್ತೀವಿ. ಒತ್ತಿದ್ರೆ ಒಳಗೆ ಗಾಳಿ ಉಳಿದು ಕಡ್ಡಿಗೆ ನೀರು ಸಿಗಲ್ಲ.

ಈಗ ನನಗೆ ತೋಚ್ತಿರೋದು, ಹಾರವನ್ನ ಬಿಳಿ ಸುಗಂಧರಾಜದಲ್ಲಿ ಕಟ್ಟಿಸಿ, ಕೆಳಗಿನ ಪದಕಕ್ಕೆ ಮಾತ್ರ ಬೊಕೆಯ ಕಟ್ಟಿನದೇ ಗುಲಾಬಿ ಹಾಕಿಸೋದು.

ಹೂವಿನ ಕೆಲಸ ಗೊತ್ತಿರೋರು ದಯವಿಟ್ಟು ಹೇಳಿ: ಹೀಗೆ ಮಾಡಿದ್ರೆ ಫೋಟೋದಲ್ಲಿ ಮೂರೂ ಒಂದಕ್ಕೊಂದು ಹೊಂದುತ್ತಾ, ಇಲ್ಲಾ ಹಾರಕ್ಕೂ ಡಚ್ ಗುಲಾಬಿಯನ್ನೇ ಕಟ್ಟಿಸಬೇಕಾ? ಸ್ಟೇಜಿಗೆ ಯಾವ ಬಣ್ಣದ ಲೈಟ್ ಹಾಕಿಸಿದ್ರೆ ಪೀಚ್ ಪೀಚಾಗೇ ಕಾಣುತ್ತೆ?